ಮೂವತ್ತೊಂದನೆಯ ಕೇಂದ್ರ

ಉಪಗ್ರಹ ಬಾಡಿಗೆಗೆ ಸಿಗುತ್ತದೆ, ಗಂಟೆಯ ಲೆಕ್ಕದಲ್ಲಿ,
ಮದುವೆ ಛತ್ರದ ಹಾಗೆ.
ಒಂದೂವರೆಯಿಂದ ನಮ್ಮದು. ನಾಲ್ಕಕ್ಕೆ ಇನ್ಯಾರದೋ ಕುದುರೆ ಪಂದ್ಯ.
ಮಾತು ಮುಗಿಯದಿದ್ದರೆ ಮಾತಿನ ಮೇಲೇ ಬಾಗಿಲು ಹಾಕುತ್ತಾರೆ.

ನಾರ್ತ್ ಕ್ಯಾರೊಲೈನಾದ ಈ ಸ್ಟುಡಿಯೋದ ಒಂದೂವರೆ
ಮಾಂಟಾನಾದಲ್ಲಿ ಹನ್ನೊಂದೂವರೆ,
ಹೊನೊಲುಲುವಿನಲ್ಲಿ ಇನ್ನೂ ಬೆಳಗಿನ ಏಳೂವರೆ.
ಅಲ್ಲಿಯ ನರ್ಸು ನೊಹೇಯ ಕೇಳುತ್ತಾಳೆ:
ಕಾಫಿ ನಾವೇ ತರಬೇಕೋ, ಅನುದಾನದಲ್ಲಿ ಇದೆಯೋ?
ಇಲ್ಲ ತಾಯಿ, ಅನುದಾನದಲ್ಲಿ ಕಾಫಿ ಇಲ್ಲ.
'ಸಹಭಾಗಿತ್ವ' ಇದೆ, ನಾಲ್ಕು ಕಡೆ.

ಮಿಸಿಸಿಪ್ಪಿಯ ಚರ್ಚಿನ ಊಟದ ಹಾಲಿನ ಹಿಂದೆ
ಡೀಕನ್ ಓಥಾ ಗ್ರಿಗ್ಸ್‌ಬಿ ಮರಳುಚೀಲ ಪೇರಿಸಿ
ಡಿಶ್ಶನ್ನು ಗಾಳಿಗೆ ಅಲುಗದಂತೆ ನಿಲ್ಲಿಸಿದ್ದಾರೆ.
ದಕ್ಷಿಣಕ್ಕೆ ತಿರುಗಿಸಿ ಅಂದರೆ,
'ನಾವು ಹುಟ್ಟಿದ್ದೇ ಆ ಕಡೆಗೆ ಮುಖ ಮಾಡಿ' ಅಂದರು.
ಲರೇಡೊದ ಕ್ಲಿನಿಕ್ಕಿನಿಂದ ಮೂರನೇ ಸಲ ಫೋನು:
ದನಿ ಇಂಗ್ಲಿಷಿನದು ಮಾತ್ರವೇ?
ಹೂಂ ಅನ್ನಲು ನಾಲಿಗೆ ತಡವರಿಸುತ್ತದೆ.

ಪಟ್ಟಿಯ ಕೊನೆಗೆ, ಗಡುವು ದಾಟಿ, ಕೈಬರಹದ ಫ್ಯಾಕ್ಸು:
ಮಿಸೂರಿ ದಂಡೆಯ ಬುಡಕಟ್ಟು ಕಾಲೇಜು.
ಕುರ್ಚಿ ಹನ್ನೆರಡು. ಟಿವಿ ಲೈಬ್ರರಿಯದು.
ಸಹಿ, ಆರ್ಡಿಸ್ ಲಾಂಗ್‌ಟ್ರೀ.

ಪ್ರೊಫೆಸರ್ ಅಬರ್ನೇಥಿ ಕೋಷ್ಟಕ ತೋರಿಸುತ್ತಾರೆ,
ಸಕ್ಕರೆ ಕಾಯಿಲೆ, ಲಕ್ಷಕ್ಕೆ ಇಷ್ಟು.
ಎರಡನೆಯ ಕಾಲಮ್ಮಿನಲ್ಲಿ ನನ್ನ ಅಮ್ಮ ಇದ್ದಾಳೆ,
ಎಲ್ಲಿ ಅಂತ ನನಗೆ ಗೊತ್ತು: ದಶಮಾಂಶ ಬಿಂದುವಿನ ಬಲಕ್ಕೆ.
ಕೊನೆಯ ಕಾಲಮ್ಮಿನ ತುಂಬ ನಕ್ಷತ್ರ ಚಿಹ್ನೆ.
ಅಡಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ:
'ಸಂಖ್ಯೆ ತೀರ ಕಡಿಮೆ. ವಿಶ್ವಾಸಾರ್ಹವಲ್ಲ.'
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮುಂದಿನ ಸ್ಲೈಡ್, ಅನ್ನುತ್ತಾರೆ.

ಆಗ ಮೂರನೇ ಲೈನಿನಲ್ಲಿ ಕೆಂಪು ದೀಪ.
ದಯವಿಟ್ಟು ನಿಮ್ಮ ಟಿವಿಯ ದನಿ ತಗ್ಗಿಸಿ.
ತಗ್ಗಿಸಲಿಲ್ಲ ಆಕೆ.
ಅವಳ ಮಾತು ತಂತಿಯಲ್ಲಿ ನಮ್ಮಲ್ಲಿಗೆ ಬಂದು,
ಇಲ್ಲಿಂದ ಆಕಾಶಕ್ಕೇರಿ, ಅಲ್ಲಿಂದ ಅವಳದೇ ಕೋಣೆಗಿಳಿದು
ಒಂದು ಉಸಿರು ತಡವಾಗಿ ಅವಳನ್ನೇ ಮುಟ್ಟುತ್ತಿತ್ತು.
ಪ್ರತಿ ವಾಕ್ಯದ ಕೊನೆಗೆ ನಿಲ್ಲುತ್ತಿದ್ದಳು,
ಮೇಲಿಂದ ಬಂದದ್ದು ತಾನು ಕಳಿಸಿದ್ದೇ ಹೌದೋ ಅಂತ
ಪರೀಕ್ಷಿಸುವವಳ ಹಾಗೆ.

ಆ ನಕ್ಷತ್ರ ಯಾರು?
...ಯಾರು?
ಇಲ್ಲಿ ನಾಲ್ಕು ಕುರ್ಚಿ ಖಾಲಿ ಇವೆ.
ಅವರು ಇವತ್ತು ಎಪ್ಪತ್ತು ಮೈಲಿ ಡಯಾಲಿಸಿಸ್‌ಗೆ ಹೋಗಿದ್ದಾರೆ.
ನನ್ನ ತಮ್ಮ ಲೈಲ್ ವಿಶ್ವಾಸಾರ್ಹನಲ್ಲ, ಒಪ್ಪಿದೆ,
ಕೊಟ್ಟ ಸಾಲ ವಾಪಸು ಬಂದದ್ದಿಲ್ಲ.
ಆದರೆ ಅವನ ಕಿಡ್ನಿ ಹೋದದ್ದು ನಿಜ.
...ನಿಜ.

ಸ್ಟುಡಿಯೋ ನಕ್ಕಿತು. ಒಂದು ಉಸಿರಿನ ನಂತರ
ಫೋನಿನೊಳಗೆ ಆ ಟಿವಿಯೂ ನಕ್ಕಿತು.
ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. ಒಳ್ಳೆಯವರು.
ಹತ್ತಕ್ಕಿಂತ ಕಡಿಮೆಯಾದರೆ, ಗುರುತು ಸಿಕ್ಕಿಬಿಡುತ್ತದಮ್ಮಾ,
ಅವರ ಗುಟ್ಟು ಕಾಯಬೇಕಲ್ಲ...

ನಮ್ಮೂರಲ್ಲಿ ಎಲ್ಲರಿಗೂ ಎಲ್ಲರ ಗುರುತು ಇದೆ, ಸರ್.
ಗುರುತು ಸಿಗದಿರುವುದು ನಿಮಗೆ.

ಉತ್ತರಕ್ಕೆ ಅವರು ಬಾಯಿ ತೆರೆದರು.
ಗಡಿಯಾರ ನಾಲ್ಕು.
ಮೂವತ್ತೊಂದು ಪರದೆಗಳ ಮೇಲೂ ಒಮ್ಮೆಗೇ
ಬೆವರಿದ ಕುದುರೆಗಳು ಓಡತೊಡಗಿದವು.

ಈಗ ಕಚೇರಿಯಲ್ಲಿ ಒಬ್ಬಳೇ ವರದಿ ತುಂಬುತ್ತಿದ್ದೇನೆ.
'ಹಾಜರಾತಿ ಹತ್ತರೊಳಗಿದ್ದರೆ ಕೇಂದ್ರದ ಹೆಸರು ಬೇಡ,
ಇತರೆ ಎಂದು ಸೇರಿಸಿ.'
ಈ ನಿಯಮ ಬರೆದವಳು ನಾನೇ, ಫೆಬ್ರವರಿಯಲ್ಲಿ,
ಒಂದು ಪುಟ ಉಳಿಯಲೆಂದು.

ಮಿಸೂರಿ ದಂಡೆಯಲ್ಲಿ ಕೂತಿದ್ದವರು ಎಂಟು.
ಹನ್ನೆರಡು ಎಂದು ಬರೆದೆ.
ಲೆಕ್ಕಪರಿಶೋಧಕರು ಬಂದು ಕೇಳಿದರೆ
ಒಂದು ಕುರ್ಚಿಯ ಹೆಸರಂತೂ ಹೇಳಬಲ್ಲೆ.
ಉಳಿದ ಮೂರಕ್ಕೆ
ಆರ್ಡಿಸ್‌ಗೆ ಫೋನು ಮಾಡಬೇಕು, ನಾಳೆ,
ಅಲ್ಲಿ ಬೆಳಗಾದ ಮೇಲೆ.