ಅಚ್ಚಾಗದ ಪಾಕ

ಮಿಕ್ಸರು ಕೆಟ್ಟು ಆಗ ಎರಡು ವಾರ.
ಚೀಲವನ್ನು ಕೈಯಲ್ಲೇ ತೂಗುತ್ತಿದ್ದೆ,
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ,
ಇಳಿದು ಬರುವ ರಕ್ತ ತಳದ ನೀರಿನೊಡನೆ ಬೆರೆಯಲೆಂದು.

ನೀರಲ್ಲ ಅದು, ನೀರಿನಂತೆ ಕಾಣುವಂಥದ್ದು.
ಚೀಲ ಖಾಲಿ ಇದ್ದಾಗಿನಿಂದಲೂ
ಯಾರಿಗೋ ಕಾಯುತ್ತ ತಳದಲ್ಲಿ ಕೂತಿರುವ
ನಲವತ್ತೊಂಬತ್ತು ಎಂ.ಎಲ್.

ಮಂಚದ ಮೇಲೆ ಬೋರಲಿಂಗಣ್ಣ,
ಪಾಂಡವಪುರದ ಕಡೆ ಆಲೆಮನೆಯೊಂದರಲ್ಲಿ ಪಾಕ ನೋಡುವವನು,
ಮೊಣಕೈವರೆಗೂ ಹಳೆಯ ಸುಟ್ಟ ಕಲೆ.
ರಬ್ಬರ್ ಚೆಂಡು ಹಿಸುಕುತ್ತ ಕೇಳಿದ:
"ಅಲ್ಲ ಕಣವ್ವ, ಬೆಟ್ಟು ಕುಯ್ಕೊಂಡ್ರೆ ಚಣದಲ್ಲಿ ಹೆಪ್ಪಾಯ್ತದೆ.
ಇಷ್ಟೊಂದು ಹೆಂಗೆ ಹಂಗೇ ಉಳೀತದೆ?"

ಗೋಡೆಯ ಚಾರ್ಟಿನ ಹೆಸರುಗಳು
ನನಗೂ ಪರೀಕ್ಷೆಗೆಂದು ಬಾಯಿಪಾಠವಾದವು.
"ಕೊಪ್ಪರಿಗೆಗೆ ಸುಣ್ಣ ಹಾಕ್ತೀರಲ್ಲ?" ಎಂದೆ.
"ಹಾಕ್ದಿದ್ರೆ ಅಚ್ಚು ಹಿಡಿಯಾಕಿಲ್ಲ, ಅಂಟಂಟು."
"ರಕ್ತದಲ್ಲೂ ಒಂದು ಚಿಟಿಕೆ ಸುಣ್ಣ ಇದೆ, ಅಣ್ಣ.
ಅದಿದ್ದರೇ ಹೆಪ್ಪು.
ಇಲ್ಲಿರೋದು ನಿಂಬೆಹುಳಿಯ ಉಪ್ಪು,
ಹೋಗಿ ಸುಣ್ಣದ ಎರಡೂ ಕೈ ಹಿಡಿದುಕೊಳ್ಳುತ್ತೆ.
ಕೈ ಬಿಡುವಿಲ್ಲದ ಸುಣ್ಣ ಏನು ಕಟ್ಟೀತು?"

ಹೊಟ್ಟೆ ಕುಣಿಯುವಂತೆ ನಕ್ಕ. "ಅಲ್ಲಾಡಬೇಡಿ" ಎಂದೆ.
"ನಮ್ದು ಕಟ್ಟೋ ಕಸುಬು, ನಿಮ್ದು ಕಟ್ಟದಂಗೆ ಕಾಯೋದು.
ಸರಿ, ಜೀವ ಇರೋ ಪದಾರ್ಥ ಅಂತೀರಿ, ಅದರ ಹೊಟ್ಟೆಗೇನು?"
"ಸಕ್ಕರೆ."
ಮಂಡ್ಯದಲ್ಲಿ ಈ ಮಾತಿಗೆ ಯಾರೂ ತಲೆಯೆತ್ತುವುದಿಲ್ಲ.
ಆತ ಎತ್ತಿದ. ನೆಂಟರ ಮನೆ ಗುರುತು ಸಿಕ್ಕವನಂತೆ
ಚೀಲವನ್ನೇ ನೋಡಿದ.

ಬರೆದೆ: ಎಬಿ ನೆಗೆಟಿವ್.
ತೆಗೆದ ದಿನ, ಮುಗಿಯುವ ದಿನ,
ನಡುವೆ ಮೂವತ್ತೈದು.

ನಾಲ್ಕು ಡಿಗ್ರಿಯ ಚಳಿಯಲ್ಲಿ ಚೀಲ ಎರಡಾಗಿ ನಿಂತಿತು,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ,
ಕೆಳಗೆ ಹಿಪ್ಪುನೇರಳೆ ಹಣ್ಣಿನ ಕಪ್ಪುಗೆಂಪು.
ಕತ್ತಲಲ್ಲಿ ಕಣಗಳು ಸಕ್ಕರೆ ತಿನ್ನುತ್ತ,
ತಿಂದದ್ದರಿಂದಲೇ ಹುಳಿಯಾಗುತ್ತ,
ದಿನಕ್ಕಿಷ್ಟು ಬಿರುಸಾಗುತ್ತ, ಸೋರುತ್ತ.
ಹತ್ತು. ಹದಿನೆಂಟು. ಇಪ್ಪತ್ತೇಳು.
ಹೆರಿಗೆ ವಾರ್ಡಿನ ಚೀಟಿಗಳು ಬಂದವು,
ಹೆದ್ದಾರಿಯ ಅಪಘಾತಗಳು ಬಂದವು;
ಕೇಳಿದ್ದೆಲ್ಲ ಓ, ಕೇಳಿದ್ದೆಲ್ಲ ಬಿ.
ಅಪರೂಪದ ಗುಂಪು ಎಂದು ಹೊಗಳಿದ್ದೆ ಅವನನ್ನು,
ಬೇಕಾದವರೂ ಅಷ್ಟೇ ಅಪರೂಪ ಎಂದು ಹೇಳಿರಲಿಲ್ಲ.
ಮೂವತ್ತೆರಡನೆಯ ದಿನ ಮೈಸೂರಿಗೆ ಫೋನು ಮಾಡಿ
ಸಂತೆ ಮುಗಿಯುವ ಹೊತ್ತಿನ ಸೊಪ್ಪಿನವಳಂತೆ ಕೂಗಿದೆ.
ಬೇಡವೆಂದರು.

ಮೂವತ್ತಾರರ ಬೆಳಿಗ್ಗೆ
ರಿಜಿಸ್ಟರಿನಲ್ಲಿ ಕೆಂಪು ಶಾಯಿ. ಆಮೇಲೆ ಆಟೋಕ್ಲೇವು.
ಕೊನೆಗೂ ಅದು ಹೆಪ್ಪಾಗಿರಲಿಲ್ಲ,
ನಿಂಬೆ ಹಿಡಿದ ಕೈ ಬಿಟ್ಟಿರಲಿಲ್ಲ.

ಮೂರು ತಿಂಗಳು ಕಳೆದು ಬಂದ,
ಪೇಪರಿನಲ್ಲಿ ಸುತ್ತಿದ ಎರಡು ಅಚ್ಚು ಬೆಲ್ಲ ಹಿಡಿದು.
"ಯಾರ್ಗಾಯ್ತವ್ವ ನಂದು?"
ಸುಳ್ಳೊಂದು ನಾಲಗೆ ತುದಿಗೆ ಬಂದಿತ್ತು,
ಬಾಣಂತಿ, ಕೂಸು, ಕೂಸಿನ ಹೆಸರು ಸಮೇತ.
"ಯಾರಿಗೂ ಆಗಲಿಲ್ಲ, ಅಣ್ಣ."

ತುಸು ಹೊತ್ತು ಫ್ಯಾನು ನೋಡಿದ.
"ಒಂದೊಂದು ಕೊಪ್ಪರಿಗೆ ಹಂಗೇಯ. ಎಷ್ಟು ಕಾಸಿದ್ರೂ
ಅಚ್ಚಾಗಾಕಿಲ್ಲ. ದನಿನ ಬಾನಿಗೆ ಸುರೀತೀವಿ."
ಮಂಚ ಹತ್ತಿ ತೋಳು ಮಡಚಿದ.
"ಈ ಕಿತ ಎಡಗೈ ತಗಳಿ."

ಇವತ್ತಿಗೆ ಒಂಬತ್ತು ದಿನ. ಮೂರನೇ ಅರೆಯಲ್ಲಿದೆ.
ಯಾರದೋ ಮೈ ಸೇರಿದ ಮೇಲೆ
ಅಲ್ಲಿಯ ಈಲಿ ನಿಂಬೆಯನ್ನು ಕರಗಿಸಿಕೊಳ್ಳುತ್ತದಂತೆ,
ಸುಣ್ಣ ಕೈ ಕೊಡವಿಕೊಂಡು
ಮತ್ತೆ ಕಟ್ಟುವ ಕೆಲಸಕ್ಕೆ ಹೋಗುತ್ತದಂತೆ.
ಅದನ್ನು ಅವನಿಗೆ ಹೇಳುವುದು ಮರೆತೆ.

ಮಿಕ್ಸರು ಇನ್ನೂ ರಿಪೇರಿಯಿಂದ ಬಂದಿಲ್ಲ.
ಡ್ರಾಯರಿನ ಬೆಲ್ಲಕ್ಕೆ ಇರುವೆ ಹತ್ತಿದೆ.