ಲಾಳಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಬಾಜೂಕ ನಮ್ಮ ಝೆರಾಕ್ಸ್ ಅಂಗಡಿ.
ಒಂದು ಕಾಪಿಗೆ ಎರಡು ರೂಪಾಯಿ,
ಅರ್ಜಿ ತುಂಬಿದರ ಮೂವತ್ತು,
ಹೆಸರಿಡೂದು ಪುಕ್ಕಟೆ.

ಹೌದು, ದಿನಾ ಹತ್ತು ಮಂದಿಗೆ ಹೆಸರಿಡತೀನಿ ನಾನು,
ನದಾಫರ ಹುಡುಗಿ. ಲಗ್ನ ಆಗಿಲ್ಲ, ಅಣ್ಣಗ ಮಕ್ಕಳಿಲ್ಲ,
ಆದರೂ ಈ ಓಣಿಗೆಲ್ಲ ಸೋದರತ್ತಿ.
ತೊಟ್ಟಲ ಇಲ್ಲ, ಗುಗ್ಗರಿ ಇಲ್ಲ,
ಕಿವ್ಯಾಗ ಕುರ್ರ್ ಅನ್ನಾಂಗಿಲ್ಲ.
ಬೆನ್ನಿಗೆ ಗುದ್ದು ಮಾತ್ರ ತಪ್ಪಿಲ್ಲ,
ಕಂಪ್ಯೂಟರ್ ಗುದ್ದತೈತಿ:
ಈ ಹೆಸರು ಬ್ಯಾರೇದವರದು, ಇನ್ನೊಂದು ನೋಡ್ರಿ.

ಕಿರಾಣಿ ಅಂಗಡಿ ಹುಡುಗ ಹೆಸರಿನ ಮುಂದ ಕಿಂಗ್ ಹಚ್ಚು ಅಂದ.
ಅಂಥಾ ರಾಜರು ಆಗಲೇ ಸಾವಿರ ಇದ್ದರು.
ನಾಲ್ಕನೂರಾ ಹದಿನೇಳನೇ ರಾಜ ಆಗಿ ಎದ್ದು ಹೋದ,
ಚಾದ ರೊಕ್ಕ ಬಾಕಿ ಇಟ್ಟು.
ಹುಟ್ಟಿದ ಇಸವಿ ಕೂಡಿಸೋಣೇನ್ರಿ ಅಂದರ
ಟ್ಯೂಷನ್ ಮಾಸ್ತರರು ಸುತ್ತ ನೋಡಿ
ಎರಡು ವರ್ಷ ಕಡಿಮಿ ಹೇಳಿದರು.

ಮಂಗಳವಾರ ಕಳಕವ್ವ ಬಂದಳು. ಬೇವಿನಕಟ್ಟಿ ಕಳಕವ್ವ.
ಚೀಲದಾಗ ಮೂರು ಸೀರಿ, ಕುಬಸಕ್ಕ ನೂಲಿನ ತುಣುಕು,
ನಲವತ್ತು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಾಕಿ.
ಸೀರಿ ಮ್ಯಾಲೆ ಸಾವಕಾರನ ಚೀಟಿ,
ಡಬ್ಬಿ ಮ್ಯಾಲೆ ಅವನ ಅಂಗಡಿ ಹೆಸರು.
"ನನ್ನ ಹೆಸರಿಲೆ ಒಂದು ಖಾತೆ ತಗಿ ಯವ್ವಾ,
ಇನ್ನ ನಾನ ಮಾರತೀನಿ."

ಹೊಡದೆ. ಇಂಗ್ಲಿಷ್ ಅಕ್ಷರಕ್ಕ ಳ ಬರೂದಿಲ್ಲ,
ಕಳಕವ್ವ ಹೋಗಿ ಕಲಕವ್ವ ಆದಳು.
"ಏನ ಕಲಕಲಿ, ಸಾರು ಕಲಕಲೇನು?" ಅಂದು ನಕ್ಕಳು.
ಆ ಕಲಕವ್ವನೂ ಎಲ್ಲೋ ಯಾರೋ ಆಗಿ ಮೊದಲ ಕುಂತಿದ್ದಳು.
"ಯಾರಿರಬೇಕ ಅಕಿ?"
ಸುಮ್ಮನಾದಳು ಒಂದು ಗಳಿಗಿ.
"ಗಜೇಂದ್ರಗಡದಾಕಿ ಇರಬೇಕು. ಇರಲಿ ಬಿಡು,
ಕುಂತಾಕಿನ್ನ ಏಳು ಅನಬಾರದು."

ಅಡ್ಡಹೆಸರು ಹಚ್ಚಲೇನು?
"ಅದು ಅವರ ಮನಿದು."
ಊರ ಹೆಸರು?
"ಸಾವಕಾರ ಹಚ್ಚಿಕೊಂಡಾನ."
ನಡುವ ಒಂದು ಅಡಿಗೆರಿ ಎಳದು ತೋರಿಸಿದೆ.
ಕನ್ನಡಕ ಏರಿಸಿ ನೋಡಿದಳು.
"ಇದು ಕೊಂಡಿ. ಒಡಲಿಗೂ ಸೆರಗಿಗೂ ನಡುವ
ನಾವು ಹಾಕತೀವಲ್ಲ, ಹಂಗ.
ಎರಡೂ ಕಡೆ ಏನರ ಇದ್ದರ ಕೊಂಡಿ.
ಒಂದ ಕಡೆಗೆ ಯಾತಕ್ಕ?"

ಬ್ಯಾಸತ್ತು ಅಂದೆ, "ಕಾಕಿ, ಒಂದು ಒಡಪು ಹೇಳು,
ಅದರಾಗ ಸಿಕ್ಕರ ಸಿಗತೈತಿ."
ನಾಚಿದಳು, ಅರವತ್ತೆರಡರಾಗ.
ಆಧಾರ್ ಹಿಡಕೊಂಡು ನಿಂತವರು ಹೊಳ್ಳಿ ನೋಡಿದರು.
ಗಂಟಲು ಸಡಲ ಮಾಡಿಕೊಂಡು:

    ಕುಣಿಮಗ್ಗದ ಮಣ್ಣು ತಂಪ, ದಡಿಗೆ ಹಚ್ಚೀನಿ ಕೆಂಪ,
    ಅತ್ತ ಹೋಗಿ ಇತ್ತ ಬರೂ ಲಾಳಿಗಿಲ್ಲ ಜೊಂಪ,
    ನಾಲ್ಕು ಮಂದ್ಯಾಗ ಕೇಳತೀರಿ, ಹೇಳತೀನಿ ಹೆಸರ

ಇಲ್ಲಿ ಗಂಡನ ಹೆಸರು ಬೀಳಬೇಕು. ಎಲ್ಲಾರಿಗೂ ಗೊತ್ತು.
ತಡದಳು.
ಸೆರಗು ಎಳಕೊಂಡಳು.

    ಕಳಕವ್ವಂದು.

ಯಾರೂ ನಗಲಿಲ್ಲ.
ಝೆರಾಕ್ಸ್ ಮಷೀನು ಅರ್ಧ ಹಾಳಿ ನುಂಗಿ ನಿಂತಿತ್ತು.

ಹೊಡದೆ: ಲಾಳಿ, ಕೊಂಡಿ, ಕಳಕವ್ವ.
ಹಸಿರು ಗೆರಿ ಬಂತು. ಜಗತ್ತಿನಾಗ
ಇಷ್ಟು ದಿನ ಯಾರೂ ಕುಂತಿರಲಿಲ್ಲ ಅಲ್ಲಿ.
ಮತ್ತೊಮ್ಮೆ ಓದಿದೆ.
ಳ ಇಲ್ಲದ ಆ ಅಕ್ಷರದಾಗ
ಲಾಳಿ ಲಾಲಿ ಆಗಿತ್ತು.
ಅಕಿಗೆ ಹೇಳಲಿಲ್ಲ.

ಇನ್ನ ಗುಟ್ಟಿನ ಪದ. ಯಾರಿಗೂ ಹೇಳಬಾರದು ಕಾಕಿ, ನನಗೂ.
"ಅಂಥಾದ್ದೊಂದು ಐತಿ. ಆ ಕಡೆ ತಿರುಗು.
ಏಳನೇತ್ತಾ ಕಲ್ತೀನಿ, ಎಬಿಸಿಡಿ ಬರತಾವ."
ಗ್ವಾಡಿಗೆ ಮಾರಿ ಮಾಡಿ ನಿಂತೆ.
ಒಂದ ಬಟ್ಟು. ಭಾಳ ಹೊತ್ತು ಹಿಡೀತು.
ಹೊಳ್ಳಿ ನೋಡಿದಾಗ ಪರದೆ ಮ್ಯಾಲೆ
ಒಂಬತ್ತು ಚುಕ್ಕಿ,
ದಡಿಗೆ ನೇದಂಗ, ಸಾಲಾಗಿ.