ಒಂದು ಅಕ್ಷರದ ತಪ್ಪು

ಕಲಬುರಗಿ, ಸೇಡಂ ರಸ್ತೆ, ವಿಶ್ವವಿದ್ಯಾಲಯದ ಹತ್ತಿರ
ಝೆರಾಕ್ಸ್, ಲ್ಯಾಮಿನೇಷನ್, ಬೈಂಡಿಂಗ್, ಡಿಟಿಪಿ.
ಬೋರ್ಡಿನ ಮ್ಯಾಲ ನನ್ನ ಹೆಸರಿಲ್ಲ, ದರ ಅದ:
ಪುಟಕ್ಕ ಹದಿನೈದು, ತಖ್ತೆ ಇದ್ದರ ಇಪ್ಪತ್ತು.

ಚಿಸೋಮೊ ಪೆನ್‌ಡ್ರೈವ್ ತಂದಾಗ ಏಪ್ರಿಲ್,
ಫ್ಯಾನು ಬಿಸಿಗಾಳಿಯನ್ನ ಬರೇ ಮಗ್ಗಲು ಬದಲಿಸೋ ಹೊತ್ತು.
ಎರಡು ದೇಶ, ಹದಿನೇಳು ತಖ್ತೆ.
ಮಲಾವಿ ಎಡಕ್ಕ, ಜಾಂಬಿಯಾ ಬಲಕ್ಕ, ನಡುವ ಒಂದು ಗೆರೆ.
ಹೆಣ್ಮಕ್ಕಳು ನೀರಿಗಂತ ನಡೆಯೋ ದೂರ,
ಲೈಟು ಇರೋ ತಾಸು,
ದವಾಖಾನಿ ಮುಟ್ಟೋದರೊಳಗ ಹೋದ ಬಾಣಂತಿಯರು,
ಛತ್ತು ತಗಡಿಂದೋ, ಹುಲ್ಲಿಂದೋ.

ಚುಕ್ಕಿ ಆದ ಮ್ಯಾಲ ಎರಡಂಕಿ ಇರಲಿ ಮೇಡಂ, ಅಂದ.
ಇಟ್ಟೆ.
ಚುಕ್ಕಿ ದಾಟಿ ಬಂದು ನಿಂತದ್ದು ಏನು,
ಅರ್ಧ ಕೂಸೋ, ಕಾಲು ಬಾವಿಯೋ,
ಕೇಳಲಿಲ್ಲ. ಪುಟಕ್ಕಿಪ್ಪತ್ತು.

ರೂಮಿನ ಜೊತೆಗಾರ ತಿಯಾಮಿಕೆ ಬಲಗಡೆಯ ದೇಶದವ,
ಫಾರ್ಮಸಿ ಓದತಾನ. ಸ್ಟೂಲಿನ ಮ್ಯಾಲ ಕುಂತು ಅಂದ:
"ಅಂಕಿಯೊಳಗ ನಾವು ಗೆದ್ದೀವಿ, ಬರಕೋ."
"ಗೆದ್ದೀರಿ, ಖರೆ. ಮತ್ತ ನಿಮ್ಮಕ್ಕ
ಹಡೆಯಾಕ ಗಡಿ ದಾಟಿ ನಮ್ಮ ದವಾಖಾನಿಗೆ ಯಾಕ ಬಂದಳು?"
"ನಿಮ್ಮದು ಹತ್ತಿರ ಇತ್ತು."
"ಹಾಂ, ಹತ್ತಿರ. ಅದಕ್ಕ ತಖ್ತೆ ಇಲ್ಲ."
ಆಮ್ಯಾಲ ಇಬ್ಬರೂ ತಮ್ಮ ಮಾತಿಗೆ ಇಳಿದರು.
ಗಡಿ ಎರಡು ಕಡೆ, ಭಾಷೆ ಒಂದೇ ಅಂತ.
ಜಗಳ ನನಗ ತಿಳಿಯದೆ ಹೋಯಿತು.

ನೂರಾ ಹನ್ನೆರಡನೆಯ ಪುಟದಾಗ ನಾ ತಪ್ಪಿದೆ.
ಮೆಕ್ಕೆಜೋಳದ ಹಿಟ್ಟಿನ ಸಂಗಟಿ, ಎರಡೂ ದೇಶದ ಹೊಟ್ಟಿ ಅದರ ಮ್ಯಾಲೇ.
ಎಡಕ್ಕ ಅದು ನ್ಸಿಮಾ, ಬಲಕ್ಕ ನ್ಶಿಮಾ.
ಹುಡುಗ ಅವಸರದಾಗ ತಪ್ಪು ಹೊಡದಾನ ಅಂದುಕೊಂಡು
'ಎಲ್ಲ ಬದಲಿಸು' ಒತ್ತಿದೆ.
ನಲವತ್ತೊಂದು ಕಡೆ ಬದಲಾಯಿತು ಅಂತ ಯಂತ್ರ ಹೇಳಿತು.
ಒಂದೇ ಬೆರಳಿಗೆ ಗಡಿ ಅಳಿಸಿ
ಇವರ ಗಡಿಗಿ ಅವರ ಒಲಿಯ ಮ್ಯಾಲ.

ಚಿಸೋಮೊ ತಲಿ ಹಿಡಕೊಂಡ.
ತಿಯಾಮಿಕೆ ಸ್ಟೂಲಿನಿಂದ ಬೀಳೋ ಹಂಗ ನಕ್ಕ:
"ನಮ್ಮ ಗಡಿ ಪೊಲೀಸರಿಗೆ ಹೇಳಬ್ಯಾಡ್ರಿ ಮೇಡಂ!"

ಒಂದೊಂದೇ ಹುಡುಕಿ ತಿದ್ದುವಾಗ ಮಲ್ಕಮ್ಮ ನೆನಪಾದಳು.
ನಮ್ಮಕ್ಕ. ಕೊಟ್ಟದ್ದು ತಾಂಡೂರ ಕಡೆ.
ಅದೇ ತೊಗರಿ, ಅದೇ ಫರಸಿ, ಅದೇ ಕಾಗಿಣಾ.
ತವರಿಗೆ ಬರುವಾಗ ಅರ್ಧ ದಾರಿ ಬಿಟ್ಟಿ,
ಗಡಿ ದಾಟಿದ ಮ್ಯಾಲ ನಮ್ಮ ಬಸ್ಸಿನಾಗ ಅವಳ ಆಧಾರ್ ನಡೆಯೋದಿಲ್ಲ.
ಕರಕೊಂಡು ಬರಾಕ ಹೋದ ನನಗ ಸೊನ್ನೆಯ ಟಿಕೇಟು,
ಅದೇ ಸೀಟಿನಾಗ ಅವಳಿಗೆ ರೊಕ್ಕದ್ದು.
"ನಿಮ್ಮ ಸರಕಾರ ಪಾಡೋ, ನಮ್ಮದೋ?"
ಸೇಡಂ ಬರೋತನಕ ಲೆಕ್ಕ:
ಪಿಂಚಣಿ, ಅಕ್ಕಿ, ನಳ, ಸಾಲಿಯ ತತ್ತಿ.
ನಡುವ ಬುತ್ತಿ ಬಿಚ್ಚತಾಳ. ಖಾರ ಒಂದಿಷ್ಟು ಹೆಚ್ಚು,
ಅಷ್ಟೇ ಫರಕು.

ಹೋದ ವರ್ಷ ಯಾರದೋ ವರದಿ ಬಡಿದಿದ್ದೆ,
ಜಿಲ್ಲೆಗಳ ಪಟ್ಟಿ. ಕಡೇ ಎರಡು ಸಾಲು ನಾವು, ಯಾದಗಿರಿ.
ಕಡೇ ಸಾಲು ಹೆಂಗ ಕಾಣತದ ಅಂತ
ಅವತ್ತು ಮನಿಗೆ ಹೋಗಿ ನೋಡಿದೆ.
ನಾಲ್ಕನೆಯ ದಿನದ ನಳ ಬಂದು ಬ್ಯಾರಲ್ ತುಂಬಿತ್ತು.
ಮಗಳು ಮಾಳಿಗಿಗೆ ನೀರು ಹೊಡೆದು ಹಾಸಿಗಿ ಹಾಸಿದ್ದಳು.
ಯಾವುದಕ್ಕೋ ಹೊಟ್ಟಿ ಹಿಡಕೊಂಡು ನಕ್ಕೆವು.
ಆ ನಗಿ ಯಾವ ತಖ್ತೆಯೊಳಗೂ ಕೂಡೋದಿಲ್ಲ.
ಹಂಗಂತ
ನಾಲ್ಕು ದಿನದ ನಳ ಸುಳ್ಳಾಗೋದಿಲ್ಲ.

ನಲವತ್ತು ತಿದ್ದಿದೆ. ಕರೆಂಟು ಹೋಯಿತು.
ಮೂರೂ ಮಂದಿ ಹೊರಗ, ಬೇವಿನ ನೆರಳಿಗೆ.
ತಿಯಾಮಿಕೆ ಕೇಳಿದ:
"ಇಲ್ಲಿ ದಿನಾ ಎಷ್ಟು ತಾಸು ಹೋಗತದ ಮೇಡಂ?"
ನಾ ಬಾಯಿ ತೆಗೆಯೋದರೊಳಗ ಚಿಸೋಮೊ
ಕಿಸೆಯಿಂದ ಪೆನ್ನು ತಗದ:
"ತಡೀರಿ, ಬರಕೋತೀನಿ."